ಮೀಸೆ ಮೀನಿನ ಮರಳು

ಹಳಿಯಾಳದ ಗೌಂಡಿಗಳೆಲ್ಲ ಗೋಡೆ ಗಿಲಾವಿನ ಮರಳು ಸೋಸುವುದಕ್ಕೆ ದುರ್ಗವ್ವನೇ ಬೇಕು ಅನ್ನುತ್ತಿದ್ದರು. ಇಪ್ಪತ್ತು ವರ್ಷ ಸಿಮೆಂಟಿನಲ್ಲಿ ಕೈಯಾಡಿಸಿ ಅವಳ ಬೆರಳ ತುದಿಗಳು ಸತ್ತುಹೋಗಿದ್ದವು. ಬಿಸಿ, ತಂಪು, ಮುಳ್ಳು ಯಾವುದೂ ತಿಳಿಯುತ್ತಿರಲಿಲ್ಲ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಮರಳನ್ನು ಕಿವಿಯಿಂದಲೇ ಪರೀಕ್ಷಿಸುತ್ತಿದ್ದಳು. ಮುಷ್ಟಿಯಲ್ಲಿ ಹಿಂಡಿದಾಗ ಕರಕರ ಕೂಗಿದರೆ ಒಳ್ಳೆಯದು, ಸುಮ್ಮನಿದ್ದರೆ ಮಣ್ಣು ಬೆರೆತದ್ದು.

ಗುತ್ತಿಗೆದಾರ ಸಂಜೀವಕುಮಾರ ಅವಳನ್ನು ಮನೆಗೆ ಕರೆಸಿದ. ಗಾಜಿನ ತೊಟ್ಟಿಯ ತಳದಲ್ಲಿ ಹೆಬ್ಬೆರಳಿನಷ್ಟು ಆರು ಮೀನುಗಳಿದ್ದವು.

"ಇವು ಮೀಸಿಲೆ ಉಸುಕು ಕೆದರಿ ತಿಂತಾವ. ಮೆತ್ತಂದ ಉಸುಕು ತಗೊಂಡ ಬಾ. ಮುಂಡಗೋಡದ ಕೆಲಸಕ್ಕ ಒಬ್ಬಾಕಿ ಹೆಣ್ಣಾಳು ಸಾಕು. ಛಲೋದ ತಂದ್ರ ನೀನ."

"ಮೀನಕ್ಕ ಗಾದಿ ಹಾಸ್ತೀರೇನ್ರಿ ಸಾವ್ಕಾರ್ರ?"

"ಹಾಸ್ತೇನಿ. ನಿಮ್ಮಂಗ ಪುಕ್ಕಟೆ ಸಿಕ್ಕಿಲ್ಲ ಅವು."

ದುರ್ಗವ್ವ ನಕ್ಕಳು. ಮುಂಡಗೋಡದ್ದು ಒಂದು ವರ್ಷದ ಕೆಲಸ.

ಅವಳು ದುಡಿಯುತ್ತಿದ್ದ ಕಟ್ಟಡದ ಹಿಂದೆ ಎರಡು ರಾಶಿಗಳಿದ್ದವು. ಒಂದು ಕಾಳಿ ದಂಡೆಯಿಂದ ಬಂದ ಹೊಳೆಯ ಮರಳು, ಇನ್ನೊಂದು ಕಲ್ಲು ಪುಡಿ ಮಾಡಿದ್ದು. ಎರಡನ್ನೂ ಸಣ್ಣ ಜರಡಿಯಲ್ಲಿ ಸೋಸಿ ಬೆರಳುಗಳ ನಡುವೆ ತಿಕ್ಕಿದಳು. ಅವಳ ಬೆರಳಿಗೆ ಎರಡೂ ಹಿಟ್ಟಿನಂತೆಯೇ ಇದ್ದವು. ಜೊತೆಯ ಹೆಣ್ಣಾಳು ಲಕ್ಷ್ಮಿ ಇಟ್ಟಂಗಿ ಹೊತ್ತು ಪಕ್ಕದಲ್ಲೇ ಹಾದುಹೋದಳು. ಯಾವುದು ಮೆತ್ತಗಿದೆ ನೋಡು ಅಂತ ಅವಳನ್ನು ಕೇಳಬಹುದಿತ್ತು. ಕೇಳಿದರೆ ಬೆರಳಿನ ಸುದ್ದಿ ಸಂಜೆಯೊಳಗೆ ಸಾವ್ಕಾರನಿಗೆ ಮುಟ್ಟುತ್ತಿತ್ತು. ದುರ್ಗವ್ವ ಬಾಯಿ ಮುಚ್ಚಿಕೊಂಡು ಮುಷ್ಟಿ ಹಿಂಡಿದಳು. ಹೊಳೆಯದು ಸುಮ್ಮನಿತ್ತು. ಕಲ್ಲಿನದು ಕೂಗಿತು. ಕೂಗಿದ್ದನ್ನೇ ಏಳು ನೀರಿನಲ್ಲಿ ತೊಳೆದು ಹೊತ್ತೊಯ್ದಳು.

ಎಂಟು ದಿನಕ್ಕೆ ಮತ್ತೆ ಕರೆ ಬಂತು. ತೊಟ್ಟಿಯ ಪಕ್ಕ ಸಂಜೀವಕುಮಾರನ ಹೆಂಡತಿ ಉಮಾಶ್ರೀ ನಿಂತಿದ್ದಳು. ಮೀನುಗಳ ಮೀಸೆ ಸವೆದು ಮೋಟಾಗಿತ್ತು, ಬಾಯಿ ಕೆಂಪಾಗಿತ್ತು. ಒಂದು ಮಗ್ಗುಲಾಗಿ ಬಿದ್ದಿತ್ತು.

"ಕೈ ಹಾಕ. ಚುಚ್ಚತೈತೇನು?" ಅಂದ ಸಂಜೀವಕುಮಾರ.

"ಇಲ್ರೀ. ಬೆಣ್ಣಿ ಆಗೇತ್ರಿ."

ಅವನು ಅವಳ ಬೆರಳುಗಳನ್ನೇ ದಿಟ್ಟಿಸಿದ. ಹೆಂಡತಿಯ ಸೆರಗಿನ ಪಿನ್ನು ಬಿಚ್ಚಿಕೊಂಡು, "ಆ ಮೂಲ್ಯಾಗಿನ ಮೀನ ನೋಡ" ಅಂದ. ದುರ್ಗವ್ವ ಆ ಕಡೆ ನೋಡಿದಳು, ನೋಡುತ್ತಲೇ ಇದ್ದಳು.

"ಅಯ್ಯ, ರಕ್ತರೀ!" ಎಂದು ಉಮಾಶ್ರೀ ಕಿರುಚಿದಾಗಲೇ ಅವಳು ಕೈ ನೋಡಿಕೊಂಡದ್ದು. ತೊಟ್ಟಿಯ ಅಂಚಿಗಿಟ್ಟಿದ್ದ ಎಡಗೈ ಬೆರಳಿನಲ್ಲಿ ಪಿನ್ನು ಅರ್ಧ ಇಳಿದಿತ್ತು.

"ಜೀವಾನ ಇಲ್ಲಲ್ಲ ಬೇ ಈ ಕೈಯಾಗ! ಇಷ್ಟ ದಿನಾ ನಂಗ ಟೊಪ್ಪಗಿ ಹಾಕಿದಿ."

"ಕಿವಿ ಛಲೋ ಅದಾವ್ರಿ ಸಾವ್ಕಾರ್ರ. ಕಿವಿಲೆ ಹೇಳ್ತೇನ್ರಿ ಉಸುಕು..."

"ಕಿವಿಲೆ ಇಟ್ಟಂಗಿ ಹೊರ್ತೀಯೇನು?"

ಉಮಾಶ್ರೀಗೂ ನಗು ತಡೆಯಲಾಗಲಿಲ್ಲ.

"ಮುಂಡಗೋಡಕ್ಕ ಲಕ್ಷ್ಮಿ ಹೋಗ್ತಾಳ. ನೀ ಈ ಉಸುಕು ತಗದು ನಡಿ. ಮೀನಕ್ಕ ನೋವಾಗಬಾರದು ಮತ್ತ."

ದುರ್ಗವ್ವ ಪಿನ್ನು ಕಿತ್ತು ಪಕ್ಕಕ್ಕಿಟ್ಟು, ಎರಡೂ ಕೈ ನೀರಿಗಿಳಿಸಿ ಬೊಗಸೆ ಬೊಗಸೆಯಾಗಿ ಮರಳು ತೆಗೆಯತೊಡಗಿದಳು. ಒಂದು ಮೀನು ಬಂದು ಮೋಟು ಮೀಸೆಯಿಂದ ಅವಳ ಬೆರಳ ತುದಿಯನ್ನು ತಡವಿತು. ತಡವುತ್ತಿರುವುದು ಅವಳ ಕಣ್ಣಿಗೆ ಮಾತ್ರ ಕಾಣುತ್ತಿತ್ತು. ಅದು ಹೋಗಲೆಂದು ಕೈ ಅಲುಗಿಸದೆ ಕಾದಳು.

"ಯಾಕ ನಿಂತಿ? ಬಿರಿಬಿರಿ ತಗಿ" ಅಂದ ಹಿಂದಿನಿಂದ ಸಂಜೀವಕುಮಾರ.