ಒಡ್ಡಿನ ಕೆಳಗಿನವರು

“ಕಳೆ ಕೀಳೋಕೆ ಕರ್ಕೊಂಡ್ ಬಂದಿರೋದು ನಿನ್ನ, ನೀರು ನೋಡೋಕಲ್ಲ. ತಲೆ ಬಗ್ಸೇ, ಮುಂಡೆ.”

ಬದರಿನಾಥ ಒಡ್ಡಿನ ಮೇಲೆ ತನ್ನ ಪಿಕಪ್ ಗಾಡಿಯ ಬಾಗಿಲಿಗೆ ಒರಗಿ ನಿಂತು ಬೈಯುತ್ತಿದ್ದ. ಇಳಿಜಾರಿನಲ್ಲಿ ಮುಳ್ಳುಕಂಟಿ ಕಡಿಯುತ್ತಿದ್ದ ನೀಲಮ್ಮನ ತಪ್ಪು ಇಷ್ಟೇ: ಒಡ್ಡಿನ ಬುಡದಲ್ಲಿ ಒಂದು ಕಡೆ ಮಾತ್ರ ಹುಲ್ಲು ಹಸಿರಾಗಿದೆಯೆಂದು ಗಂಡನಿಗೆ ಕೂಗಿ ಹೇಳಿದ್ದಳು. ಮಳೆಯಿಲ್ಲದೆ ಸುತ್ತಲಿನ ಗುಡ್ಡಗಳೆಲ್ಲ ಒಣಗಿ ಕಂದಾಗಿದ್ದವು. ಗಂಡ ಪಕ್ಕದಲ್ಲೇ ಇರುವಾಗ ಅವಳನ್ನು ಮುಂಡೆ ಎಂದರೂ ಈರಬಸಪ್ಪ ತಲೆ ಎತ್ತಲಿಲ್ಲ. ಕಂಟಿ ಕಡಿಯುತ್ತಲೇ ಇದ್ದ.

ಅದು ಪರದೇಶದಲ್ಲಿ, ಪುಕೆಕೊಹೆ ಎಂಬ ಊರಿನ ದಕ್ಷಿಣಕ್ಕೆ, ಗುಡ್ಡಗಳ ನಡುವಿನ ಮಣ್ಣಿನ ಅಣೆಕಟ್ಟು. ಪಕ್ಕದ ಗುಡ್ಡದ ಹೊಟ್ಟೆಯೊಳಗೆ ಕಲ್ಲಿದ್ದಲ ಗಣಿ. ಕಲ್ಲಿದ್ದಲು ತೆಗೆದ ಕಡೆ ಮೇಲಿನ ನೆಲ ಕೂರುತ್ತದೆ. ನೆಲ ಕೂತರೆ ಒಡ್ಡು ಬಿರಿಯಬಹುದು. ಅಣೆಕಟ್ಟಿನ ಮೇಲೆ ಸದಾ ಕಣ್ಣಿಟ್ಟಿರಬೇಕೆಂಬ ಷರತ್ತಿನಿಂದಲೇ ಗಣಿಗೆ ಅನುಮತಿ ಸಿಕ್ಕಿತ್ತು. ಒಡ್ಡಿನಿಂದ ಜಿನುಗುವ ನೀರು ಬುಡದ ಕಾಂಕ್ರೀಟ್ ತೊಟ್ಟಿಗೆ ಬಂದು ಬೀಳುತ್ತಿತ್ತು. ಎಷ್ಟು ಬಿತ್ತೆಂಬುದು ಮನುಕಾವ್ ಪಟ್ಟಣದ ಆಫೀಸಿನಲ್ಲಿ ಪರದೆಯ ಮೇಲೆ ಕಾಣುತ್ತಿತ್ತು. ಈ ಕಣ್ಣಿಡುವ ಗುತ್ತಿಗೆ ಬದರಿನಾಥನದು. ಮೈಸೂರಿನವನು, ಇಲ್ಲಿಗೆ ಬಂದು ಬೇರೂರಿ ಕನ್ನಡದವರ ನಡುವೆ ದೊಡ್ಡ ಮನುಷ್ಯ ಎನಿಸಿಕೊಂಡಿದ್ದ. ಈರಬಸಪ್ಪನನ್ನು ಬಾಗಲಕೋಟೆಯಿಂದ ಕರೆಸಿಕೊಂಡವನೂ ಅವನೇ. ವೀಸಾ ತನ್ನ ಕಂಪನಿಯ ಹೆಸರಿಗೆ ಕಟ್ಟಿದೆ, ಕೆಲಸ ಬಿಟ್ಟ ದಿನ ದೇಶ ಬಿಡಬೇಕು ಎಂದು ಅವನು ಹೇಳಿದ್ದ. ಅದು ನಿಜವೋ ಸುಳ್ಳೋ ಕೇಳಲು ಇವರಿಗೆ ಬೇರೆ ಯಾರೂ ಇರಲಿಲ್ಲ. ವಾಸದ ಮನೆಯೂ ಅವನದೇ. ಹಿಂದೆ ಗಣಿ ಕೆಲಸದವರಿಗೆಂದು ಒಡ್ಡಿನ ಕೆಳಗಿನ ಕಣಿವೆಯಲ್ಲಿ ಕಟ್ಟಿದ ಮರದ ಮನೆಗಳ ಸಾಲಿನಲ್ಲಿ ಒಂದು.

ಅದೇ ಮಧ್ಯಾಹ್ನ ಬದರಿನಾಥ ಈರಬಸಪ್ಪನನ್ನು ಬುಡಕ್ಕೆ ಕರೆದೊಯ್ದ. ತೊಟ್ಟಿಗಿಂತ ಸ್ವಲ್ಪ ಮೇಲೆ, ಬೂಟಿನ ತುದಿಯಿಂದ ನೆಲದ ಮೇಲೆ ಗೆರೆ ಎಳೆದು, ಇಲ್ಲಿಂದ ಜರೀಗಿಡಗಳ ಕಡೆಗೆ ಒಂದು ಕಾಲುವೆ ತೋಡು ಎಂದ. ಮಳೆನೀರು ಸೇರಿ ಲೆಕ್ಕ ಕೆಡುತ್ತಿದೆ ಎಂಬುದು ಅವನು ಕೊಟ್ಟ ಕಾರಣ. ಈರಬಸಪ್ಪ ತೋಡಿದ. ಅರ್ಧ ನೀರು ಸದ್ದಿಲ್ಲದೆ ಗಿಡಗಳೊಳಗೆ ತಿರುಗಿಕೊಂಡಿತು.

ಯಾವ ಮಳೆ ಎಂದು ನೀಲಮ್ಮ ಸಂಜೆ ಕೇಳಿದಳು. ಈರಬಸಪ್ಪ ಅಡುಗೆಮನೆಯ ಬಾಗಿಲನ್ನು ಕಳಚಿ ಅಂಚು ಹೆರೆಯುತ್ತಿದ್ದ. ಕೆಲವು ದಿನಗಳಿಂದ ಮನೆಯಡಿಯ ನೆಲ ಕೂತು ಅದು ಚೌಕಟ್ಟಿಗೆ ಸಿಕ್ಕಿಕೊಂಡು ಮುಚ್ಚುತ್ತಿರಲಿಲ್ಲ. ಸಾಲಿನ ಮನೆಗಳವರೆಲ್ಲ ಒಬ್ಬೊಬ್ಬರೇ ಬಾಗಿಲು ಹೆರೆದುಕೊಂಡಿದ್ದರು. ಆದರೆ ಯಾರೂ ಯಾರಿಗೂ ಹೇಳಿರಲಿಲ್ಲ. ಬದರಿನಾಥನ ಕಿವಿಗೆ ಯಾರು ಊದುತ್ತಾರೋ ಗೊತ್ತಿರಲಿಲ್ಲ.

ಭಾನುವಾರ ಬದರಿನಾಥನ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಪಾತ್ರೆ ತೊಳೆಯಲು ನೀಲಮ್ಮನಿಗೆ ಕರೆ ಬಂತು. ಅವನ ಹೆಂಡತಿ ಲೀಲಾ, ಇವತ್ತು ಮಡಿ, ಅಡುಗೆಮನೆಗೆ ಬರಬೇಡ ಎಂದು ಪಾತ್ರೆಗಳನ್ನೆಲ್ಲ ಗ್ಯಾರೇಜಿನ ನಲ್ಲಿಗೆ ತರಿಸಿದಳು. ಒಳಗೆ ಬಾಳೆ ಎಲೆಯ ಊಟ ಮುಗಿದ ಮೇಲೆ ಪ್ರಸಾದ ಕಾಗದದ ತಟ್ಟೆಯಲ್ಲಿ ಬಂತು. ಲೀಲಾ ಅದನ್ನು ಕೈಗೆ ಕೊಡದೆ ಬಟ್ಟೆ ಒಗೆಯುವ ಯಂತ್ರದ ಮೇಲಿಟ್ಟು ಹೋದಳು.

ಗ್ಯಾರೇಜಿನ ಫ್ರಿಜ್ಜಿನಿಂದ ಜ್ಯೂಸಿನ ಬಾಟಲಿ ತರಲು ಚಿರಂತನ್ ಬಂದ. ಬದರಿನಾಥನ ಆಫೀಸಿನಲ್ಲಿ ಅಣೆಕಟ್ಟಿನ ಲೆಕ್ಕ ನೋಡುವ ಎಂಜಿನಿಯರ್ ಅವನೇ. ನೀಲಮ್ಮ ಕೈ ಒರೆಸಿಕೊಂಡು ಎದ್ದಳು.

“ಸರ್, ಒಡ್ಡಿನ ನೀರು ಈಗ ಹೆಂಗೈತ್ರಿ?”

“ಚೆನ್ನಾಗಿದೆ ನೀಲಮ್ಮ. ಸೋರೋದು ಅರ್ಧಕ್ಕರ್ಧ ಇಳಿದಿದೆ. ಅದಕ್ಕೇ ಗಣಿಯವರಿಗೆ ಇನ್ನೂ ಮುಂದಕ್ಕೆ ಅಗೀಬಹುದು ಅಂತ ಹೇಳಿದೀವಿ.”

“ಮುಂದಕ್ಕ ಅಂದ್ರ ಎಲ್ಲಿಗ್ರಿ?”

“ಒಡ್ಡಿನ ಕಡೆಗೆ.”

ನೀರು ಇಳಿದಿಲ್ಲ, ನಮ್ಮ ಮನೆಯವರು ಕಾಲುವೆ ತೋಡಿ ತಿರುಗಿಸಿದ್ದಾರೆ ಎಂದಳು ನೀಲಮ್ಮ. ತೆರೆದ ಫ್ರಿಜ್ಜಿನ ಬೆಳಕಿನಲ್ಲಿ ಚಿರಂತನ್ ಮುಖದಲ್ಲಿ ಕಂಡದ್ದು ಗೊತ್ತಿಲ್ಲದವನ ಗಾಬರಿಯೋ ಗೊತ್ತಿದ್ದವನ ಗಾಬರಿಯೋ ಅವಳಿಗೆ ತಿಳಿಯಲಿಲ್ಲ. ಇದನ್ನು ಯಾರಿಗೂ ಹೇಳಬೇಡ, ನಾನು ನೋಡುತ್ತೇನೆ ಎಂದು ಹೇಳಿ ಬಾಟಲಿ ಮರೆತು ಒಳಗೆ ಹೋದ.

ಮರುದಿನ ಬೆಳಿಗ್ಗೆ ಬದರಿನಾಥ ಮನೆ ಬಾಗಿಲಿಗೇ ಬಂದ. ಕೆಸರು ಮೆತ್ತಿದ ಬೂಟನ್ನು ಮೆಟ್ಟಿಲ ಮೇಲಿಟ್ಟು, ಒರೆಸು ಎಂದ. ಈರಬಸಪ್ಪ ಹುಲ್ಲು ಕಿತ್ತು ತಂದು ಒರೆಸಿದ. ಸಾಲಿನ ಮನೆಗಳ ಕಿಟಕಿಗಳಿಂದ ಎಲ್ಲರೂ ನೋಡುತ್ತಿದ್ದರು.

“ನಿನ್ನ ಹೆಂಡ್ತಿ ಬಾಯಿಗೆ ಬೀಗ ಹಾಕು. ಇಲ್ದಿದ್ರೆ ಇಬ್ರನ್ನೂ ಏರ್‌ಪೋರ್ಟಲ್ಲಿ ಬಿಸಾಕಿ ಬರ್ತೀನಿ, ಹಲ್ಕಾ ನನ್ಮಕ್ಳ.”

ಅವನು ಹೋದ ಮೇಲೆ ಗಂಡ ಹೆಂಡತಿ ಒಬ್ಬರನ್ನೊಬ್ಬರು ಅಪರಿಚಿತರಂತೆ ನೋಡಿದರು. ಅವಳಿಂದ ರಾತ್ರಿಯೇ ಎಲ್ಲ ಕೇಳಿದ್ದ ಈರಬಸಪ್ಪ, ಬದರಿನಾಥನಿಗೆ ಹೇಳಿದ್ದು ಚಿರಂತನ್ ಇರಬೇಕು ಅಂದ. ತನ್ನ ಮೇಲಿನ ಅನುಮಾನ ತಪ್ಪಿಸಿಕೊಳ್ಳಲು ಹಾಗೆ ಅನ್ನುತ್ತಿದ್ದಾನೇನೋ ಎಂಬ ಯೋಚನೆ ನೀಲಮ್ಮನ ಮನಸ್ಸಿನಲ್ಲಿ ಹಾದುಹೋಯಿತು. ಅದಕ್ಕೆ ಅವಳಿಗೇ ಹೇಸಿಗೆಯಾಯಿತು.

“ಸುಮ್ಮಿರು ನೀಲಾ, ಕಾಲ್ ಬೀಳ್ತೀನಿ,” ಎಂದ ಅವನು. “ತಿರುಗಿ ಹೋದ್ರ ಅಲ್ಲೇನೈತಿ ನಮಗ?”

“ಅಲ್ಲೇನೂ ಇಲ್ಲ. ನಮ್ಮವ್ವನ ಊರು ಡ್ಯಾಮಿನ ನೀರಾಗ ಹೋತು. ಅವ್ರು ಹೇಳಿ ಮುಳುಗಿಸಿದ್ರು. ಇವ್ರು ಹೇಳದನ ಮುಳುಗಸ್ತಾರ.”

ಕೆಲವು ದಿನಗಳ ಮೇಲೆ ಅಣೆಕಟ್ಟುಗಳ ಸರ್ಕಾರಿ ಪರಿಶೀಲನೆಗೆ ಬಂದವಳು ಮೆರೆಆನಾ ಎಂಬ ಹೆಂಗಸು, ಆ ದೇಶದ ಮೂಲನಿವಾಸಿಗಳಾದ ಮಾವೊರಿ ಜನದವಳು. ಕೆಲಸದವರು ಕಣ್ಣಿಗೆ ಬೀಳಬಾರದೆಂದು ಬದರಿನಾಥ ಎಲ್ಲರನ್ನೂ ವ್ಯಾನಿನಲ್ಲಿ ಕೂರಿಸಿ, ಅವಳನ್ನು ತೊಟ್ಟಿಯ ಬಳಿಗೆ ಕರೆದೊಯ್ದ. ನೀಲಮ್ಮ ವ್ಯಾನಿನ ಬಾಗಿಲು ತೆರೆದಳು. ಈರಬಸಪ್ಪ ಅವಳ ಸೆರಗು ಹಿಡಿದ, ಮತ್ತೆ ಬಿಟ್ಟ. ಅವಳು ಹಿಂಬದಿಯಿಂದ ಸನಿಕೆ ತೆಗೆದುಕೊಂಡು ಇಳಿಜಾರಿನಲ್ಲಿ ಇಳಿದು ಹೋದಳು. ಕಾಲುವೆಯ ಬಾಯಿಗೆ ಹೆಂಟೆ ಹಾಕಿ ತುಳಿಯತೊಡಗಿದಳು.

ಬದರಿನಾಥ ಮುಖದ ಮೇಲಿನ ನಗು ಕೆಡಿಸಿಕೊಳ್ಳದೆ, ಮೆರೆಆನಾಗೆ ಅರ್ಥವಾಗದ ಕನ್ನಡದಲ್ಲಿ ಮೆಲ್ಲಗೆ ಹೇಳಿದ. “ಸನಿಕೆ ಇಟ್ಟು ಮೇಲ್ ಹೋಗೇ, ಬೋಸುಡಿ. ಸಂಜೆಗೆ ನಿನ್ನ ಸಾಮಾನು ಬೀದೀಲಿರುತ್ತೆ.”

“ಇರ್ಲಿ ತಗೋ. ಬೀದ್ಯಾಗರ ಜೀವ ಉಳಿತೈತಿ,” ಎಂದಳು ನೀಲಮ್ಮ. ಅವನನ್ನು ಅವಳು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

ತಡೆದ ನೀರು ಹಳೆಯ ದಾರಿ ಹಿಡಿದು ತೊಟ್ಟಿಗೆ ನುಗ್ಗಿತು. ತಿಳಿಯಾಗಿರಲಿಲ್ಲ, ಚಹಾದ ಬಣ್ಣ. ಮೆರೆಆನಾ ಕುಕ್ಕರುಗಾಲಲ್ಲಿ ಕೂತು ಬೊಗಸೆಯಲ್ಲಿ ಹಿಡಿದಳು. ನೀರು ಬೆರಳ ಸಂದಿನಿಂದ ಸೋರಿಹೋದ ಮೇಲೆ ಅಂಗೈಯಲ್ಲಿ ಒಳಗಿನಿಂದ ಕೊಚ್ಚಿಬಂದ ಒಡ್ಡಿನ ಮಣ್ಣು ಉಳಿಯಿತು. ಅವಳು ನೀಲಮ್ಮನ ಕಡೆ ತಿರುಗಿ ಏನೋ ಕೇಳಿದಳು. ನೀಲಮ್ಮ ಬಾಯಿ ತೆರೆಯುವ ಮೊದಲೇ ಬದರಿನಾಥ ಇಂಗ್ಲಿಷಿನಲ್ಲಿ ಉದ್ದಕ್ಕೆ ಉತ್ತರ ಕೊಟ್ಟ. ಅದರಲ್ಲಿ ನೀಲಮ್ಮನಿಗೆ ತಿಳಿದದ್ದು ‘ಹಸ್ಬೆಂಡ್’, ‘ಡ್ರಿಂಕ್’ ಎಂಬ ಎರಡು ಮಾತು. ಮೆರೆಆನಾ ಕನಿಕರದಿಂದ ತಲೆಯಾಡಿಸಿದಳು.

ನೀಲಮ್ಮ ಮುಚ್ಚಿದ ಕಾಲುವೆಯ ಮೇಲೆ ಕೂತುಬಿಟ್ಟಳು. “ನೋ,” ಎಂದಳು. “ಹಿ ಲೈ.”

ಆಗ ಈರಬಸಪ್ಪ ವ್ಯಾನಿನಿಂದ ಇಳಿದು ಬಂದ. ಅವನಿಗೆ ಅಷ್ಟು ಇಂಗ್ಲಿಷೂ ಬರುತ್ತಿರಲಿಲ್ಲ. ತನ್ನ ಎದೆ ಮುಟ್ಟಿಕೊಂಡ, ನೆಲ ಅಗೆಯುವಂತೆ ಕೈಯಾಡಿಸಿದ, ಆಮೇಲೆ ಬೆರಳನ್ನು ನೇರ ಬದರಿನಾಥನ ಮುಖಕ್ಕೆ ಚಾಚಿ ಹಾಗೆಯೇ ಹಿಡಿದ.

ಮೆರೆಆನಾ ಬದರಿನಾಥನಿಗೆ ಮೇಲೆ ರಸ್ತೆಗೆ ಹೋಗಿ ನಿಲ್ಲಲು ಹೇಳಿದಳು. ಅವನು ವಾದಿಸಿದ, ನಕ್ಕ, ಕೊನೆಗೆ ಹೋದ. ಅವಳು ಯಾವುದೋ ನಂಬರಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ತನ್ನ ಮತ್ತು ನೀಲಮ್ಮನ ನಡುವೆ ಹಿಡಿದಳು. “ನಮಸ್ಕಾರ ಅಮ್ಮ, ನಾನು ಅನುವಾದ ಮಾಡ್ತೀನಿ, ಹೇಳಿ,” ಎಂದಿತು ಒಂದು ಹೆಣ್ಣು ದನಿ. ಮೈಸೂರಿನ ಕನ್ನಡ, ಲೀಲಾಳ ಮಾತಿನ ಹಾಗೆಯೇ.

“ನೀ ಯಾರ ಪೈಕಿಯವ್ವ?” ಎಂದು ಕೇಳಿದಳು ನೀಲಮ್ಮ. “ಬದರಿನಾಥನ್ನ ಬಲ್ಲೇನು?”

ಆ ಕಡೆಯ ದನಿ ತಗ್ಗಿತು. “ಇಲ್ಲಿ ಕನ್ನಡದವರಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು ಅಮ್ಮ. ನೀವು ಹೇಳಿದ್ದನ್ನ ಹೇಳ್ತೀನಿ, ಅಷ್ಟೇ.”

“ಹಂಗಾರ ನಾ ಒಂದೊಂದ ಮಾತು ಹೇಳ್ತೀನಿ. ನೀ ಒಂದೊಂದ ಹೇಳು. ನಾ ಈಕಿ ಮಾರಿ ನೋಡ್ಕೋತ ಇರ್ತೀನಿ.”

ಅವಳು ಮೆರೆಆನಾಳ ಮುಖದ ಮೇಲೆ ಕಣ್ಣು ನೆಟ್ಟಳು. ಈ ಕಾಲುವೆ ತೋಡಿಸಿದವನು ಬದರಿನಾಥ ಎಂದಳು. ಫೋನಿನಲ್ಲಿ ಇಂಗ್ಲಿಷ್ ಬಂತು, ಅದರೊಳಗೆ ಬದರಿನಾಥನ ಹೆಸರು ಇತ್ತು. ಆದರೆ ಹೆಸರನ್ನು ಯಾವ ಮಾತಿನ ಜೊತೆಗಾದರೂ ಸೇರಿಸಬಹುದು. ನೀಲಮ್ಮ ಕಾದಳು.

ಮೆರೆಆನಾ ನಿಧಾನವಾಗಿ ತಲೆ ಎತ್ತಿ, ರಸ್ತೆಯಲ್ಲಿ ನಿಂತವನ ಕಡೆ ನೋಡಿದಳು.

“ಇನ್ನೊಂದು ಹೇಳ್ತೀನಿ,” ಎಂದಳು ನೀಲಮ್ಮ.