ಅಮ್ಮನ ಕೋಲು

ನಮ್ಮಪ್ಪ ಊರಿಗೆಲ್ಲ ಮರದ ಮೆಟ್ಟಿಲು ಮಾಡಿಕೊಟ್ಟವನು. ಬಳುಕುತ್ತ ತಿರುಗುವ ರೇಲಿಂಗ್ ಬೇಕೆಂದರೆ ಜನ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ನಮ್ಮ ಮನೆಯ ಮೆಟ್ಟಿಲಿಗೆ ಮಾತ್ರ ರೇಲಿಂಗೇ ಇರಲಿಲ್ಲ. ಕೆಳಗೆ ಕಾರ್ಖಾನೆ, ಮೇಲೆ ಮನೆ, ನಡುವೆ ಬೋಳು ಮೆಟ್ಟಿಲು. "ನಮ್ಮನೆಗೆ ಎಂಥದೋ ಒಂದು ಮರ ಹಾಕೋಕಾಗುತ್ತಾ? ಒಳ್ಳೇದು ಸಿಗ್ಲಿ, ತಡಿಯೇ," ಎನ್ನುತ್ತಿದ್ದ. "ಊರಿಗೆ ಉಪಕಾರಿ, ಮನೆಗೆ ಮಾರಿ," ಎಂದು ಗೊಣಗುತ್ತ ಅಮ್ಮ ಗೋಡೆ ಹಿಡಿದುಕೊಂಡೇ ಇಳಿಯುತ್ತಿದ್ದಳು.

ಹೊಸ ಮೆಟ್ಟಿಲು ಕೂರಿಸಿದಾಗಲೆಲ್ಲ ರೇಲಿಂಗಿನ ಎತ್ತರಕ್ಕೆ ಅಪ್ಪ ಅಮ್ಮನನ್ನೇ ಕರೆಸುತ್ತಿದ್ದ. ಅವಳು ಒಲೆ ಆರಿಸಿ, ಕೈ ಒರೆಸಿಕೊಂಡು ಹೋಗಬೇಕು. "ಕಣ್ಮುಚ್ಕೋ. ಕೈ ತಾನಾಗೇ ಎಲ್ಲಿಗೆ ಬರುತ್ತೋ ಬಿಡು," ಎನ್ನುತ್ತಿದ್ದ. ಕೈ ಬಂದಲ್ಲಿ ಪೆನ್ಸಿಲ್ ಗೆರೆ ಬೀಳುತ್ತಿತ್ತು. ಕೊನೆಗೆ ಅವಳ ಗೊಣಗಾಟ ತಾಳಲಾರದೆ ಆ ಅಳತೆಗೆ ಒಂದು ಕೋಲು ಕೊಯ್ದಿಟ್ಟುಕೊಂಡ. ಅದಕ್ಕೆ ನಾವೆಲ್ಲ ಅಮ್ಮನ ಕೋಲು ಎನ್ನುತ್ತಿದ್ದೆವು.

ನಮ್ಮಮ್ಮ ಕುಳ್ಳಿ. ಹಾಗಾಗಿ ಅಪ್ಪನ ರೇಲಿಂಗುಗಳೆಲ್ಲ ಒಂದೆರಡು ಬೆರಳು ತಗ್ಗು. ಉದ್ದನೆಯ ಗಿರಾಕಿಗಳು ಮುಖ ಸಿಂಡರಿಸಿದರೆ, "ಬೀಳೋರು ನೀವಲ್ಲ ಸ್ವಾಮಿ, ಮಕ್ಕಳು, ಮುದುಕರು," ಎಂದು ಬಾಯಿ ಮುಚ್ಚಿಸುತ್ತಿದ್ದ. ಅರ್ಧ ಊರು ನಮ್ಮಮ್ಮನ ಅಳತೆಯಲ್ಲೇ ಇಳಿಯುತ್ತಿತ್ತು. ಆ ಭಾಗ್ಯ ಇಲ್ಲದಿದ್ದವಳು ಅವಳೊಬ್ಬಳೇ.

ಆಗ ದಿನಕ್ಕೆ ಹತ್ತು ಸಲ ಇಳಿದು ಬಂದು ನಮ್ಮನ್ನೆಲ್ಲ ಬೈದು ಹೋಗುತ್ತಿದ್ದಳು. ಅವಳ ಹೆಜ್ಜೆ ಸದ್ದಾದರೆ ಸಾಕು, ಪಾಲಿಶ್ ಮಾವ ಸಿಗರೇಟನ್ನು ಬೆನ್ನ ಹಿಂದೆ ಅಡಗಿಸುತ್ತಿದ್ದ. ಅವನೇನು ಸ್ವಂತ ಮಾವನಲ್ಲ. ಅಪ್ಪನ ಕಾಲದಿಂದ ಮರಕ್ಕೆ ಪಾಲಿಶ್ ಹಾಕುವವನು, ಅಮ್ಮನನ್ನು ಅಕ್ಕ ಎನ್ನುವವನು. ಅಪ್ಪನೂ ಗಂಭೀರವಾಗಿ ಉಳಿ ಮಸೆಯುವವನಂತೆ ನಟಿಸುತ್ತಿದ್ದ. ಎಂಥ ಕಾಲ ಅದು!

ಅಪ್ಪ ಹೋದ. ಕೆಲಸ ಮಗಳಾದ ನನ್ನ ಕೈಗೆ ಬಂತು. ಈಗಿನ ಗಿರಾಕಿಗಳು ಎತ್ತರದ ರೇಲಿಂಗ್ ಕೇಳಿದ್ದರಿಂದ ಅಮ್ಮನ ಕೋಲು ಕಿಟಕಿ ಮುಚ್ಚದಂತೆ ಆನಿಸುವ ಕೆಲಸಕ್ಕೆ ಇಳಿಯಿತು. ಹೋದ ವರ್ಷ ಅಮ್ಮ ಮೆಟ್ಟಿಲಿನ ತಿರುವಿನಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಮೂಳೆ ಕೂಡಿತು, ಭಯ ಹೋಗಲಿಲ್ಲ. ಮೇಲಿನ ಮೆಟ್ಟಿಲಿನವರೆಗೆ ಬರುವಳು, ಕೆಳಗೆ ನೋಡುವಳು, ಹಿಂದಿರುಗಿ ಹಾಸಿಗೆ ಸೇರುವಳು. "ಹೀಗೇ ಮಲಗಿದ್ರೆ ಆಮೇಲೆ ಏಳೋದೇ ಇಲ್ಲ ನೋಡಿ," ಎಂದು ಡಾಕ್ಟರು ನನ್ನನ್ನು ಬಾಗಿಲಾಚೆ ಕರೆದು ಹೇಳಿದರು.

ಅಂದೇ ನಮ್ಮ ಮೆಟ್ಟಿಲಿಗೆ ರೇಲಿಂಗ್ ಮಾಡಲೆಂದು ಒಳ್ಳೆಯ ದಿಮ್ಮಿ ತರಿಸಿದೆ. ತಿರುವಿನ ತುಂಡೇ ಜೀವ ತಿನ್ನುವ ಕೆಲಸ. ಅದು ಬಾಗಲೂಬೇಕು, ಏರಲೂಬೇಕು; ದಿಮ್ಮಿಯೊಳಗಿಂದ ಕೆತ್ತಿಯೇ ತೆಗೆಯಬೇಕು. ಕೊನೆಯ ಮೆಟ್ಟಿಲು ಬಂತೆಂದು ಕೈಗೆ ಗೊತ್ತಾಗಲಿ ಎಂದು ಅಪ್ಪ ಮಾಡುತ್ತಿದ್ದಂತೆ ತುದಿಯಲ್ಲಿ ಒಂದು ಸುರುಳಿ ಬಿಟ್ಟೆ. ಕಿಟಕಿಯ ಕೋಲು ಕಿತ್ತು ತಂದು, ಅದರ ಎತ್ತರಕ್ಕೇ ಎಲ್ಲ ನಿಲ್ಲಿಸಿದೆ. ಪಾಲಿಶ್ ಮಾವ ಉಪ್ಪುಕಾಗದದಿಂದ ಬೆಣ್ಣೆಯಂತೆ ತಿಕ್ಕಿದ.

ಅಮ್ಮ ಬಂದು ಕೈಯಿಟ್ಟಳು. ಭುಜ ಮೇಲೇರಿತು. "ಇದು ನಂದಲ್ಲ ಕಣೇ," ಎಂದು ಕೈ ತೆಗೆದಳು.

ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. "ನಿನ್ನದೇ ಕೋಲಮ್ಮ! ಕೂದಲೆಳೆಯಷ್ಟೂ ಆಚೀಚೆ ಆಗಿಲ್ಲ! ಇನ್ನೇನು ಮಾಡ್ಲಿ, ಹೊತ್ಕೊಂಡು ಇಳಿಸ್ಲಾ?" ಎಂದು ಕೂಗಾಡಿದೆ. ಅವಳು ಒಳಗೆ ಹೋಗಿ ಗೋಡೆ ಕಡೆ ತಿರುಗಿ ಮಲಗಿದಳು. ಅಮ್ಮ ಎದುರುತ್ತರ ಕೊಡದಿದ್ದದ್ದು ಅದೇ ಮೊದಲು.

ಕೆಳಗೆ ಪಾಲಿಶ್ ಮಾವ ಕೋಲನ್ನು ತಿರುಗಿಸಿ ನೋಡುತ್ತಿದ್ದ. "ನಿಮ್ಮಪ್ಪ ಅಕ್ಕನ್ನ ನಿಲ್ಲಿಸಿ ಕೋಲು ಮಾಡ್ದ. ನೀನು ಕೋಲು ನಿಲ್ಲಿಸಿ ಅಕ್ಕನ್ನ ಮರೆತೆ. ಅವಳು ಈಗ ಎಷ್ಟಿದ್ದಾಳೆ ಅಂತ ನೋಡಿದ್ಯಾ?"

ದಿನಾ ನಾನೇ ಅವಳ ತಲೆ ಬಾಚುತ್ತೇನೆ, ಸೀರೆ ಉಡಿಸುತ್ತೇನೆ. ನೆರಿಗೆ ನೆಲಕ್ಕೆ ತಾಗುತ್ತಿದೆಯೆಂದು ಸೊಂಟದಲ್ಲಿ ಜಾಸ್ತಿ ಸಿಕ್ಕಿಸುತ್ತಲೂ ಇದ್ದೆ. ಆದರೂ ಹೊಳೆದಿರಲಿಲ್ಲ. ಅಮ್ಮ ಕುಗ್ಗಿದ್ದಳು. ಅಲ್ಲೇ ಕೂತು ಅತ್ತೆ.

ಕೋಲು ಹಿಡಿದು ಮೇಲೆ ಹೋಗಿ ಬಾಗಿಲಲ್ಲಿ ನಿಂತೆ. "ಅಮ್ಮಾ, ಅಳತೆ ಕೊಡು ಬಾ."

ಅವಳು ಮೆಲ್ಲನೆ ತಿರುಗಿದಳು. "ಯಾರ ಮನೇದು?"

"ನಮ್ಮನೇದು."

"ಅಂತೂ ನೆನಪಾಯ್ತಲ್ಲ ನಿಮ್ಮ ವಂಶಕ್ಕೆ!" ಎಂದು ಎದ್ದು ಬಂದಳು. ಹೇಳುವ ಮೊದಲೇ ಕಣ್ಣು ಮುಚ್ಚಿ ಕೈ ಬಿಟ್ಟಳು. ಆ ಕೈ ಕೋಲಿನ ತುದಿಗಿಂತ ಎಷ್ಟೋ ಕೆಳಗೆ ಬಂದು ನಿಂತಿತು. ಕೋಲಿನ ಮೇಲೆ ಅಲ್ಲೇ ಪೆನ್ಸಿಲ್ ಗೆರೆ ಎಳೆದೆ.

ಕಂಬಗಳ ಬುಡ ಕೊಯ್ದು ಇಡೀ ರೇಲಿಂಗನ್ನು ತಗ್ಗಿಸಿದೆವು. ಉದ್ದನೆಯವರು ಯಾರಾದರೂ ನೋಡಿದ್ದರೆ ನಗುತ್ತಿದ್ದರು. ನಗಲಿ.

ಅಮ್ಮ ಮತ್ತೆ ಮೆಟ್ಟಿಲ ಮೇಲೆ ನಿಂತಳು. ಅವಳಿಗೆ ಮುಖ ಮಾಡಿ, ಒಂದೊಂದೇ ಮೆಟ್ಟಿಲು ಹಿಂದೆ ಸರಿಯುತ್ತ ನಾನು ಇಳಿದೆ. ಹಿಂದೆ ಬಿದ್ದಿದ್ದ ತಿರುವಿನಲ್ಲಿ ಅವಳ ಕಾಲು ನಿಂತಿತು. ಅಂಗೈ ಮಾತ್ರ ಮರದ ಮೇಲೆ ಮುಂದೆ ಜಾರಿತು. ಕಾಲು ಅದರ ಹಿಂದೆ ಬಂತು. ಕೊನೆಗೆ ಬೆರಳಿಗೆ ಸುರುಳಿ ಸಿಕ್ಕಿತು.

"ಮುಗೀತಾ?"

"ಮುಗೀತಮ್ಮ."

ಸುರುಳಿಯನ್ನು ಸವರುತ್ತ ನಿಂತಳು. "ನಿಮ್ಮಪ್ಪ ಇದ್ದಿದ್ರೆ ಇನ್ನೂ ಮರ ಹುಡುಕ್ತಾನೇ ಇರ್ತಿದ್ದ," ಎಂದಳು. ಕಣ್ಣು ತುಂಬಿತ್ತು. ಸೆರಗಿನಿಂದ ಒರೆಸಿಕೊಂಡು, ಮೊಣಕಾಲುದ್ದ ಬಿದ್ದಿದ್ದ ಮರದ ಹೊಟ್ಟನ್ನು ಸುತ್ತಲೂ ನೋಡಿದಳು.

"ಇದೇನೇ ಇದು, ಕಾರ್ಖಾನೆನೋ ದನದ ಕೊಟ್ಟಿಗೆನೋ? ಪೊರಕೆ ಎಲ್ಲಿಟ್ಟಿದ್ದೀಯ?"

ಪಾಲಿಶ್ ಮಾವ ಸಿಗರೇಟನ್ನು ಬೆನ್ನ ಹಿಂದೆ ಅಡಗಿಸಿದ.