ಮಹಾದೇವಮ್ಮನ ಜಗಲಿ

"ನನ್ನ ಧರ್ಮಪತ್ನಿ ದಿವಂಗತ ಅಕ್ಕನಾಗಮ್ಮನ ಹೆಸರಿನಲ್ಲಿ..." ಎಂದು ವಕೀಲ ಚಂದ್ರಶೇಖರಪ್ಪ ಓದುತ್ತಿದ್ದಾಗ, ಮಜ್ಜಿಗೆ ತಂದ ಮಹಾದೇವಮ್ಮ ಪಡಸಾಲೆಯ ಬಾಗಿಲಲ್ಲೇ ನಿಂತುಬಿಟ್ಟಳು.

ಚಳಿಗಾಲದಲ್ಲಿ ಒಮ್ಮೆ ಎದೆನೋವು ಬಂದು ಹೋದ ಮೇಲೆ ಅವಳ ಗಂಡ ಪರಮಶಿವಪ್ಪ ಉಯಿಲು ಬರೆಸಲು ಕೂತಿದ್ದ. ಶಿಕಾರಿಪುರದ ಮನೆ, ಭತ್ತದ ಮಂಡಿ ಹೆಂಡತಿಗೆ ಮತ್ತು ಮಗನಿಗೆ. ಜಡೆ ಗ್ರಾಮದ ಗದ್ದೆ ಮಾತ್ರ ಅದೇ ಊರಲ್ಲಿ ಹೆರಿಗೆ ಆಸ್ಪತ್ರೆ ಕಟ್ಟುವುದಕ್ಕೆ. ಬಾಗಿಲ ಮೇಲೆ ಮೊದಲ ಹೆಂಡತಿ ಅಕ್ಕನಾಗಮ್ಮನ ಹೆಸರು ಕೆತ್ತಿಸಬೇಕು. ಆಸ್ತಿಯ ಬಗ್ಗೆ ಮಹಾದೇವಮ್ಮನಿಗೆ ತಕರಾರಿರಲಿಲ್ಲ. ಅವಳ ಕಿವಿಯಲ್ಲಿ ಉಳಿದದ್ದು ಬೇರೆ. ಉಯಿಲಿನಲ್ಲಿ ಸತ್ತವಳು ಧರ್ಮಪತ್ನಿ, ತಾನು 'ಎರಡನೇ ಹೆಂಡತಿ'.

ವಕೀಲರು ಹೋದ ಮೇಲೆ ಲೋಟ ಎತ್ತಿಕೊಳ್ಳಲು ಬಂದವಳು ಕೂತೇಬಿಟ್ಟಳು.

"ಆಕಿ ನಿಮ್ಮ ಜೊತಿ ಎಷ್ಟು ವರ್ಷ ಬಾಳ್ವೆ ಮಾಡಿದ್ಲು?"

"ಎರಡು ತುಂಬಿರಲಿಲ್ಲ."

"ನಾನು ಬಂದಾಗ ಈ ಮನೆಗೆ ಹೆಂಚೂ ಇರಲಿಲ್ಲ. ನಿಮ್ಮವ್ವನ ಹೇಲು ಉಚ್ಚೆ ಬಳಿದೋಳು ನಾನು. ನನ್ನ ಹೆಸರು ಒಂದು ಕಲ್ಲಿನ ಮೇಲಾದ್ರೂ ಐತೇನ್ರಿ?"

ಮೊದಲ ಹೆಂಡತಿಯ ಮಾತನ್ನು ಪರಮಶಿವಪ್ಪ ಈ ಮನೆಯಲ್ಲಿ ಎಂದೂ ಎತ್ತಿದವನಲ್ಲ; ಈಗ ಹೇಳಿದ.

"ಜಡೆ ಆಕಿ ತವರು. ಹೆರಿಗೆ ಕಷ್ಟ ಆತು. ಸೂಲಗಿತ್ತಿ ಕೈಚೆಲ್ಲಿದ್ಲು. ಇಲ್ಲಿ ಆಸ್ಪತ್ರೆಗೆ ಕರ್ಕೊಂಡು ಬರೋಣ ಅಂತ ಗಾಡಿ ಕಟ್ಟಿದ್ವಿ. ದಾರಿ ಉದ್ದಕ್ಕೂ ನನ್ನ ಕೈ ಹಿಡ್ಕೊಂಡಿದ್ಲು. ಶಿರಾಳಕೊಪ್ಪ ದಾಟೋದ್ರೊಳಗೆ ಹಿಡಿತ ಸಡ್ಲಾತು. ಇನ್ನೊಬ್ಬರಿಗೆ ಹಂಗಾಗಬಾರದು, ಮಾದೇವಿ."

ಬೇರೆ ಯಾರ ಮನೆಯ ಸುದ್ದಿಯಾಗಿದ್ದರೂ ಮಹಾದೇವಮ್ಮ ಅತ್ತುಬಿಡುತ್ತಿದ್ದಳು. ಈಗ ಸಿಟ್ಟೇ ಬಂತು. ಕೈ ಹಿಡಿದು ಕೂತಿದ್ದನಂತೆ! ತನಗೆ ಹೆರಿಗೆ ನೋವು ಶುರುವಾದಾಗಲೆಲ್ಲ ಈ ಮನುಷ್ಯ ಮಂಡಿಗೆ ಹೋಗಿಬಿಡುತ್ತಿದ್ದ. ಮೊದಲ ಕೂಸು ಉಸಿರಿಲ್ಲದೆ ಹುಟ್ಟಿದ ದಿನವೂ ಅವನನ್ನು ಕರೆತರಲು ಆಳು ಕಳಿಸಬೇಕಾಯಿತು.

"ನಾನೂ ಕೂಗಿದ್ದೆ," ಎಂದಳು. "ನಿಮ್ಮ ಹೆಸರು ಹೇಳಬಾರದು ಅಂತ ಬರೀ ಕೂಗಿದ್ದೆ. ನೀವು ಇರಲಿಲ್ಲ."

"ಮನೇಲಿ ಇರೋಕೆ ಆಗ್ತಿರಲಿಲ್ಲ. ಹೆದರಿಕಿ."

"ಆಕಿ ನಿಮ್ಮನ್ನ ಹೆದರಿಸಿಟ್ಟು ಹೋದ್ಲು. ಅದರ ದಂಡ ನಾನು ತೆತ್ತೆ."

ಉಯಿಲು ನೋಂದಣಿಯ ದಿನ ಅವಳೂ ಸೆರಗು ಹೊದ್ದು ಜೊತೆಗೆ ಹೊರಟಳು. ಪರಮಶಿವಪ್ಪ ಬೇಡ ಎನ್ನಲಿಲ್ಲ. ವಕೀಲರ ಕಚೇರಿಯಲ್ಲಿ ಅವನು ರುಜು ಹಾಕುವ ಮೊದಲೇ ಅವಳು ಮಾತು ತೆಗೆದಳು.

"ನಮ್ಮಪ್ಪ ಅರಿಶಿನ ಕುಂಕುಮಕ್ಕೆ ಅಂತ ಕೊಟ್ಟ ಗದ್ದೆ ಕುಬಟೂರಲ್ಲಿ ಐತಿ. ಅದು ನನ್ನದೇ ಹೌದಲ್ರೀ?"

"ನಿಮ್ಮದೇ ತಾಯಿ. ಹೆಣ್ಣುಮಕ್ಕಳ ಆಸ್ತಿಗೆ ಈಗಿನ ಕಾಯ್ದೆ ಬಂದ ಮೇಲಂತೂ ಯಾರೂ ಕೇಳೋ ಹಂಗಿಲ್ಲ."

"ಹಂಗಾದ್ರೆ ನನ್ನದೂ ಒಂದು ಉಯಿಲು ಬರೀರಿ. ಆ ಗದ್ದೆ ಅದೇ ಆಸ್ಪತ್ರೆಗೆ."

ಪರಮಶಿವಪ್ಪ ತಟ್ಟನೆ ಅವಳತ್ತ ತಿರುಗಿದ. ವಕೀಲರ ಮುಖ ಅರಳಿತು. "ದೊಡ್ಡ ಮನಸ್ಸು ನಿಮ್ಮದು."

"ಮನಸ್ಸಿನ ಮಾತು ಬಿಡ್ರಿ, ಷರತ್ತು ಬರ್ಕೊಳ್ರಿ. ಹೆರಿಗೆ ಕೋಣೆಗೆ ತಾಗಿಸಿ ಗಂಡಸರು ಕೂರೋಕೆ ಒಂದು ಜಗಲಿ ಕಟ್ಟಿಸಬೇಕು. ನಡುವೆ ಕಿಟಕಿ ಇರಬೇಕು. ಒಳಗೆ ಹೆಂಡ್ತಿ ಕೂಗಿದ್ರೆ ಹೊರಗಿದ್ದೋನಿಗೆ ಕೇಳಿಸಬೇಕು. ಕೂಸು ಹುಟ್ಟೋ ತನಕ ಗಂಡ ಅನ್ನೋನು ಅಲ್ಲಿಂದ ಏಳಬಾರದು."

ವಕೀಲರು ಪರಮಶಿವಪ್ಪನ ಮುಖ ನೋಡಿದರು. ಅವನು ನೆಲ ನೋಡುತ್ತಿದ್ದ.

"ಜಗಲಿಗೆ ಹೆಸರು?"

"ಮಹಾದೇವಮ್ಮನ ಜಗಲಿ. ಕುಬಟೂರು ವೀರಬಸಪ್ಪನ ಮಗಳು ಅಂತ ಹಾಕ್ರಿ. ಅಷ್ಟು ಸಾಕು."

"ಆಕಿ ಹೇಳಿದಂಗೆ ಬರೀರಿ," ಎಂದ ಪರಮಶಿವಪ್ಪ, ತಲೆಯೆತ್ತದೆ.

ಅವನು ಬೆಂಚಿನ ಮೇಲೆ ತುಸು ಸರಿದು ಪಕ್ಕದಲ್ಲಿ ಜಾಗ ಮಾಡಿದ. ಮಹಾದೇವಮ್ಮ ಕೂರಲಿಲ್ಲ. ಮೇಜಿನ ಅಂಚು ಹಿಡಿದು, ವಕೀಲರ ಲೇಖನಿ ಹೋದ ಕಡೆಗೆಲ್ಲ ಕಣ್ಣು ಹಾಯಿಸುತ್ತ ನಿಂತಿದ್ದಳು.